ಗುರುತಿಲ್ಲದವರು ಕಷ್ಟದಲ್ಲಿದ್ದರೆ ಮಾತಾಡಿಸಬೇಕಾ, ಸುಮ್ನೆ ಇರಬೇಕಾ?

ಓದುಗರ ಪ್ರಶ್ನೆ:

"ಮೇಡಂ, ನನಗೆ 27 ವರ್ಷ. ಊರು ಸಕಲೇಶಪುರದ ಹತ್ತಿರ, ಕೆಲಸ ಹಾಸನದಲ್ಲಿ. ದಿನಾ ಬಸ್ಸಿನಲ್ಲೇ ಓಡಾಟ. ಹೋದ ತಿಂಗಳು ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಮ್ಮಮ್ಮನ ವಯಸ್ಸಿನ ಒಬ್ಬರು ಕಂಬಕ್ಕೆ ಒರಗಿ ಕೂತು ಅಳುತ್ತಿದ್ದರು. ಕೈಯಲ್ಲಿ ಎಕ್ಸ್‌ರೇ ಕವರ್ ಇತ್ತು. ಫೋನನ್ನು ಒತ್ತಿ ಒತ್ತಿ ನೋಡಿ ಮಡಿಲಲ್ಲಿ ಇಟ್ಟುಕೊಂಡರು, ಚಾರ್ಜ್ ಇರಲಿಲ್ಲ ಅನ್ನಿಸುತ್ತೆ. ಸುತ್ತ ಅಷ್ಟೊಂದು ಜನ ಇದ್ದರೂ ಯಾರೂ ಮಾತಾಡಿಸಲಿಲ್ಲ. ನಾನು ಎರಡು ಹೆಜ್ಜೆ ಹೋದೆ, ಏನು ತಿಳಿದುಕೊಳ್ಳುತ್ತಾರೋ ಅಂತ ನಿಂತೆ. ಅಷ್ಟರಲ್ಲಿ ಬಸ್ ಬಂತು, ಹತ್ತಿಬಿಟ್ಟೆ. ಇವತ್ತಿಗೂ ಆ ಮುಖ ಮರೆಯೋಕೆ ಆಗಿಲ್ಲ. ಅಮ್ಮನಿಗೆ ಹೇಳಿದರೆ 'ಊರ ಉಸಾಬರಿ ನಮಗ್ಯಾಕೆ' ಅಂದರು. ಗೆಳೆಯ 'ಅವೆಲ್ಲ ನಾಟಕ ಕಣೋ' ಅಂತಾನೆ. ಅವನ ಮಾತೂ ಪೂರ್ತಿ ಸುಳ್ಳಲ್ಲ, ಪರ್ಸ್ ಕಳೆದುಹೋಯ್ತು ಅಂದ ಒಬ್ಬನಿಗೆ 200 ರೂಪಾಯಿ ಕೊಟ್ಟಿದ್ದೆ, ಮುಂದಿನ ವಾರ ಅದೇ ಜಾಗದಲ್ಲಿ ಅದೇ ಕತೆಯನ್ನು ಇನ್ನೊಬ್ಬರಿಗೆ ಹೇಳುತ್ತಿದ್ದ. ನಾನು ಮಾಡಿದ್ದು ತಪ್ಪಾ? ಒಂದು ಟೀ ಕೊಡಿಸಿದರೆ, ಒಂದು ಫೋನ್ ಮಾಡಿಕೊಟ್ಟರೆ ಅಂಥವರ ಕಷ್ಟ ಕಡಿಮೆ ಆಗುತ್ತಾ? ಗಂಡಸಾಗಿ ಗುರುತಿಲ್ಲದ ಹೆಂಗಸರನ್ನು ಮಾತಾಡಿಸೋದು ಹೇಗೆ? ಅಪಘಾತ ಆದವರಿಗೆ ಸಹಾಯ ಮಾಡಿದರೆ ಕೇಸು, ಕೋರ್ಟು ಅಂತ ಅಲೆಯಬೇಕಾ? ನಾನು ಸ್ವಲ್ಪ ಸಂಕೋಚದ ಮನುಷ್ಯ, ಇದೆಲ್ಲ ಅಭ್ಯಾಸದಿಂದ ಬರುತ್ತಾ?"

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ಒಳಗಿನ ಸಂಕಟ ಎರಡೇ. ಅವತ್ತು ಹೋಗಲಿಲ್ಲವಲ್ಲ ಅನ್ನೋದು ಒಂದು. ಮುಂದಿನ ಸಲ ಹೋದರೆ ಎಡವಟ್ಟಾದರೆ ಏನು ಗತಿ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ. ನೀವು ಕಲ್ಲು ಮನಸ್ಸಿನವರಲ್ಲ, ಹಾಗಿದ್ದಿದ್ದರೆ ಒಂದು ತಿಂಗಳಾದ ಮೇಲೆ ಕೂತು ಈ ಪತ್ರ ಬರೆಯುತ್ತಿರಲಿಲ್ಲ. ನೀವು ಮಾಡಿದ್ದು ಅಪರಾಧ ಅಲ್ಲ. ಆದರೆ ಮುಂದಿನ ಸಲ ಖಂಡಿತ ಮಾತಾಡಿಸಿ.

ನಾನು ಹಾಸನದಲ್ಲಿ ಆಪ್ತಸಮಾಲೋಚಕಿ. ಆಸ್ಪತ್ರೆಗೆ ಬಂದವರ ಜೊತೆ, ಅದಕ್ಕಿಂತ ಜಾಸ್ತಿ ಅವರ ಮನೆಯವರ ಜೊತೆ ಮಾತಾಡುವುದು ನನ್ನ ಕೆಲಸ. ಅರಕಲಗೂಡು, ಬೇಲೂರು, ಅರಸೀಕೆರೆ, ಆ ಕಡೆ ಮೂಡಿಗೆರೆ ತನಕದ ಜನ ಬರುತ್ತಾರೆ. ತಿಂಗಳುಗಳಾದ ಮೇಲೆ ಮತ್ತೆ ಭೇಟಿಯಾದಾಗ ಆ ಕೆಟ್ಟ ದಿನಗಳಲ್ಲಿ ಏನು ನೆನಪಿದೆ ಅಂತ ಕೇಳಿದರೆ, ಡಾಕ್ಟರ್ ಏನು ಹೇಳಿದರು ಅನ್ನೋದು ಎಷ್ಟೋ ಜನಕ್ಕೆ ಮರೆತೇ ಹೋಗಿರುತ್ತದೆ. ಪಕ್ಕದ ಬೆಡ್ಡಿನವರ ಮಗಳು ಫ್ಲಾಸ್ಕಿಗೆ ಬಿಸಿನೀರು ತಂದುಕೊಟ್ಟದ್ದು ನೆನಪಿರುತ್ತದೆ. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಯಾರೋ ಒಂದು ಬೆಡ್‌ಶೀಟ್ ಹೊದಿಸಿ ಹೋಗಿದ್ದು ನೆನಪಿರುತ್ತದೆ. ಹೆಸರು ಗೊತ್ತಿರುವುದಿಲ್ಲ, ಊರು ಗೊತ್ತಿರುವುದಿಲ್ಲ. ಆದರೂ ಹೇಳುವಾಗ ಕಣ್ಣು ತುಂಬಿಕೊಳ್ಳುತ್ತದೆ. ಹಾಗಾಗಿ ಒಂದು ಟೀಯಿಂದ ಏನಾಗುತ್ತೆ ಅನ್ನುವ ನಿಮ್ಮ ಪ್ರಶ್ನೆಯನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಂಡಿದ್ದೇನೆ.

ಅಷ್ಟೊಂದು ಜನ ಇದ್ದರೂ ಯಾರೂ ಮಾತಾಡಿಸಲಿಲ್ಲ ಅಂದಿರಿ. ಜನ ಇದ್ದದ್ದಕ್ಕೇ ಯಾರೂ ಮಾತಾಡಿಸಲಿಲ್ಲ ಅನ್ನೋದು ಹೆಚ್ಚು ಸರಿ. 1968ರಲ್ಲಿ ಜಾನ್ ಡಾರ್ಲಿ, ಬಿಬ್ ಲತಾನೆ ಅನ್ನುವ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನಲ್ಲಿ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಸ್ಪೀಕರಿನಲ್ಲಿ ಮಾತಾಡಿಸಿದರು, ನಡುವೆ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಕೇಳಿಸಿದರು. ಇದನ್ನು ಕೇಳುತ್ತಿರುವವನು ತಾನೊಬ್ಬನೇ ಅಂದುಕೊಂಡವರಲ್ಲಿ 85% ಜನ ಎದ್ದುಹೋಗಿ ತಿಳಿಸಿದರು. ತನ್ನ ಜೊತೆ ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ 31% ಮಾತ್ರ ಸಮಯಕ್ಕೆ ತಿಳಿಸಿದರು. ಉಳಿದವರಿಗೆ ಮನಸ್ಸಿರಲಿಲ್ಲ ಅಂತಲ್ಲ, ಅವರ ಕೈ ನಡುಗುತ್ತಿತ್ತು, ಬೆವರುತ್ತಿದ್ದರು. ಬೇರೆ ಯಾರಾದರೂ ಹೋಗಿರಬಹುದು ಅಂತ ಕಾದರು, ಅಷ್ಟೇ. ನಿಮ್ಮ ಬಸ್ ಸ್ಟ್ಯಾಂಡಿನಲ್ಲೂ ನೀವು ಪಕ್ಕದವರ ಮುಖ ನೋಡಿದಿರಿ, ಪಕ್ಕದವರು ನಿಮ್ಮ ಮುಖ ನೋಡಿದರು. ಎಲ್ಲರ ಮುಖವೂ ಸುಮ್ನೆ ಇತ್ತು. ಹಾಗಾಗಿ ಇದು ಅಂಥ ದೊಡ್ಡ ವಿಷಯ ಇರಲಿಕ್ಕಿಲ್ಲ ಅಂತ ಎಲ್ಲರೂ ತೀರ್ಮಾನಿಸಿಕೊಂಡರು.

ಇದನ್ನು ಹಿಡಿದುಕೊಂಡು ಈಗಿನ ಜನಕ್ಕೆ ಮನುಷ್ಯತ್ವವೇ ಇಲ್ಲ ಅಂದುಬಿಡುವುದು ಸುಲಭ. ಅದು ನಿಜ ಅಲ್ಲ. ಆಮ್‌ಸ್ಟರ್‌ಡ್ಯಾಂ, ಕೇಪ್‌ಟೌನ್, ಇಂಗ್ಲೆಂಡಿನ ಲ್ಯಾಂಕಾಸ್ಟರ್ ಊರುಗಳ ರಸ್ತೆ ಕ್ಯಾಮೆರಾಗಳಲ್ಲಿ ದಾಖಲಾದ 219 ಜಗಳಗಳನ್ನು ನೋಡಿ ಮಾಡಿದ ಒಂದು ಅಧ್ಯಯನ 2020ರಲ್ಲಿ ಬಂತು. ಹತ್ತರಲ್ಲಿ ಒಂಬತ್ತು ಕಡೆ ಯಾರಾದರೂ ಒಬ್ಬರಾದರೂ ನಡುವೆ ಹೋಗಿದ್ದಾರೆ. ಕೈ ಮಿಲಾಯಿಸುವ ಜಗಳ ಎಲ್ಲರ ಕಣ್ಣಿಗೂ ಬೀಳುತ್ತದೆ, ಅಪಾಯ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕಂಬಕ್ಕೆ ಒರಗಿ ಸದ್ದಿಲ್ಲದೆ ಅಳುವವರ ವಿಷಯದಲ್ಲಿ ಹಾಗಲ್ಲ. ಇದು ಕಷ್ಟವೋ, ಅವರ ಮನೆಯ ಸ್ವಂತ ವಿಚಾರವೋ ಅಂತ ತಿಳಿಯದೆ ನಿಲ್ಲುತ್ತೇವೆ.

ನಮ್ಮ ಕಡೆಯದ್ದೇ ನೋಡಿ. ಶಿವರಾತ್ರಿ ಹತ್ತಿರ ಬಂದರೆ ಧರ್ಮಸ್ಥಳಕ್ಕೆ ನಡೆದು ಹೋಗುವವರ ಸಾಲು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿಯುತ್ತದೆ. ದಾರಿಯುದ್ದಕ್ಕೂ ಜನ ಮಜ್ಜಿಗೆ, ಪಾನಕ, ಕಲ್ಲಂಗಡಿ ಹಣ್ಣು ಹಿಡಿದು ನಿಂತಿರುತ್ತಾರೆ. ಬೊಬ್ಬೆ ಬಂದ ಕಾಲಿಗೆ ಔಷಧಿ ಹಚ್ಚುತ್ತಾರೆ, ಮಲಗಲು ಜಾಗ ಕೊಡುತ್ತಾರೆ. ನೀನು ಯಾವ ಊರವನು, ಯಾವ ಜಾತಿಯವನು, ನಿಜವಾಗಲೂ ಭಕ್ತನಾ ಅಂತ ಕೇಳಿ ಯಾರೂ ಮಜ್ಜಿಗೆ ಕೊಡುವುದಿಲ್ಲ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವವರೂ ಅಷ್ಟೇ. ಅದೇ ಜನ ಬಸ್ ಸ್ಟ್ಯಾಂಡಿನಲ್ಲಿ ಅಳುತ್ತಾ ಕೂತವರನ್ನು ದಾಟಿಕೊಂಡು ಹೋಗುತ್ತಾರೆ. ಮನಸ್ಸು ಬದಲಾಗಿಲ್ಲ. ಅರವಟ್ಟಿಗೆಯಲ್ಲಿ ಏನು ಕೊಡಬೇಕು, ಹೇಗೆ ಕೊಡಬೇಕು, ತೆಗೆದುಕೊಳ್ಳುವವರು ಏನು ಅಂದುಕೊಳ್ಳುತ್ತಾರೆ ಅನ್ನೋದು ಮೊದಲೇ ಗೊತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಅದೇನೂ ಗೊತ್ತಿಲ್ಲ. ನಿಮಗೆ ಬೇಕಾಗಿರುವುದೂ ಆ ಗೊತ್ತಿರುವ ರೀತಿ. ಅದನ್ನು ಮುಂದೆ ಹೇಳುತ್ತೇನೆ.

ಅವಸರದ ಬಗ್ಗೆಯೂ ಒಂದು ಮಾತು. 1973ರಲ್ಲಿ ಡಾರ್ಲಿಯವರೇ ಡ್ಯಾನಿಯಲ್ ಬ್ಯಾಟ್ಸನ್ ಜೊತೆ ಸೇರಿ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿ ಆಗಲು ಓದುತ್ತಿದ್ದವರನ್ನು ಪರೀಕ್ಷಿಸಿದರು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು, ದಾರಿಯಲ್ಲಿ ಒಬ್ಬ ಕುಸಿದು ಕೂತು ನರಳುತ್ತಿದ್ದ. ಬೇಕಾದಷ್ಟು ಹೊತ್ತಿದೆ ಅಂದುಕೊಂಡು ಹೊರಟವರಲ್ಲಿ 63% ಏನಾದರೂ ಸಹಾಯ ಮಾಡಿದರು, ಆಗಲೇ ತಡವಾಗಿದೆ ಅಂತ ಹೇಳಿಸಿಕೊಂಡು ಹೊರಟವರಲ್ಲಿ 10% ಮಾತ್ರ. ದೇವರ ವಿಷಯವನ್ನೇ ಓದುತ್ತಿದ್ದವರು ಇವರು. ಒಳ್ಳೆಯತನ ಓದಿನಲ್ಲಿ ಇದ್ದರೂ ಗಡಿಯಾರ ಅದನ್ನು ತಳ್ಳಿಬಿಟ್ಟಿತು. ನಿಮ್ಮ ವಿಷಯದಲ್ಲೂ ಬಸ್ ಬಂತು. ಸಂಜೆ ಹೊತ್ತು ಒಂದು ಬಸ್ ತಪ್ಪಿದರೆ ಮನೆಗೆ ಎಷ್ಟು ತಡ ಆಗುತ್ತೆ ಅಂತ ಆ ಕಡೆ ಓಡಾಡುವ ಎಲ್ಲರಿಗೂ ಗೊತ್ತು. ಇದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳುವುದು ಸಾಕು ಮಾಡಿ.

ಈಗ ಒಂದು ಟೀಯಿಂದ ಏನಾಗುತ್ತೆ ಅನ್ನುವ ಪ್ರಶ್ನೆ. ಕೊಡುವವರು ವಸ್ತುವನ್ನು ಅಳೆಯುತ್ತಾರೆ. ಹತ್ತು ರೂಪಾಯಿ ಟೀ, ಅವರ ಕಷ್ಟ ಬೆಟ್ಟದಷ್ಟು, ಇದೇನು ಮಹಾ ಅಂತ. ತೆಗೆದುಕೊಳ್ಳುವವರಿಗೆ ಮುಟ್ಟುವುದು ಬೇರೆಯೇ. ಅಮಿತ್ ಕುಮಾರ್, ನಿಕೊಲಸ್ ಎಪ್ಲಿ ಅನ್ನುವ ಇಬ್ಬರು ಸಂಶೋಧಕರು ಇದನ್ನು ಪರೀಕ್ಷಿಸಿದ್ದಾರೆ. ಷಿಕಾಗೋದ ಚಳಿಯಲ್ಲಿ, ಹಿಮದ ಮೇಲೆ ಸ್ಕೇಟಿಂಗ್ ಆಡುವ ಜಾಗದಲ್ಲಿ, ಗುರುತಿಲ್ಲದವರಿಗೆ ಒಂದು ಲೋಟ ಬಿಸಿ ಚಾಕೊಲೇಟ್ ಕೊಡಿಸಿ ನೋಡಿದರು. ಅವರಿಗೆ ಎಷ್ಟು ಖುಷಿಯಾಗಬಹುದು ಅಂತ ಕೊಟ್ಟವರು ಅಂದಾಜು ಮಾಡಿದ್ದಕ್ಕಿಂತ ತೆಗೆದುಕೊಂಡವರಿಗೆ ಆದ ಖುಷಿ ಜಾಸ್ತಿ ಇತ್ತು. ಇನ್ನೊಂದು ಪ್ರಯೋಗದಲ್ಲಿ ಅದೇ ತಿಂಡಿಯನ್ನು ಕೆಲವರಿಗೆ ಸುಮ್ನೆ ಕೊಟ್ಟರು, ಕೆಲವರಿಗೆ ಯಾರೋ ಒಬ್ಬರು ನಿಮಗೆ ಅಂತ ಕೊಟ್ಟಿದ್ದಾರೆ ಎಂದು ಕೊಟ್ಟರು. ತಿಂಡಿ ಒಂದೇ. ಯಾರೋ ತಮ್ಮನ್ನು ನೆನೆದು ಕೊಟ್ಟರು ಅಂತ ಗೊತ್ತಾದವರ ಮನಸ್ಸು ಹೆಚ್ಚು ಅರಳಿತು. ಕೊಡುವವರಿಗೆ ಈ ವ್ಯತ್ಯಾಸ ಊಹಿಸಲೂ ಆಗಿರಲಿಲ್ಲ. ನಾವು ಹಿಂಜರಿಯುವುದಕ್ಕೆ ಇದು ದೊಡ್ಡ ಕಾರಣ ಅಂತ ನನ್ನ ನಂಬಿಕೆ. ನಮ್ಮ ಸಣ್ಣ ಸಹಾಯವನ್ನು ನಾವೇ ಮೊದಲು ಸಣ್ಣದು ಅಂತ ತಳ್ಳಿಹಾಕುತ್ತೇವೆ.

ಕಷ್ಟದಲ್ಲಿ ಇರುವವರ ತಲೆಯೊಳಗೆ ಏನಾಗುತ್ತಿರುತ್ತದೆ ಅನ್ನೋದೂ ಗೊತ್ತಿರಲಿ. ಗಾಬರಿಯಲ್ಲಿ ಮನಸ್ಸು ಒಂದೇ ವಿಷಯಕ್ಕೆ ಅಂಟಿಕೊಳ್ಳುತ್ತದೆ. ಚೆನ್ನಾಗಿ ಓದುಬರಹ ಬಲ್ಲವರೂ ಎದುರಿಗಿರುವ ಬೋರ್ಡ್ ಓದಲಾರರು. ಚೀಟಿ ಮಾಡಿಸೋದು ಎಲ್ಲಿ, ರಕ್ತ ಕೊಡೋದು ಎಲ್ಲಿ, ರಿಪೋರ್ಟ್ ಎಷ್ಟು ಹೊತ್ತಿಗೆ ಅಂತ ಮೂರು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಮನೆಯವರ ನಂಬರ್ ಬಾಯಿಗೆ ಬರುವುದಿಲ್ಲ. ಬೆಳಗ್ಗೆಯಿಂದ ನೀರು ಕುಡಿದಿಲ್ಲ ಅನ್ನೋದು ಅವರಿಗೇ ಗೊತ್ತಿರುವುದಿಲ್ಲ. ಕಾಫಿ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಾಗ ಇದರ ಮೇಲೆ ಭಾಷೆಯ ತೊಡಕು ಬೇರೆ. ಇಂಥ ಹೊತ್ತಿನಲ್ಲಿ 'ಬನ್ನಿ, ಆ ಕೌಂಟರ್ ತೋರಿಸ್ತೀನಿ' ಅಂತ ಹತ್ತು ಹೆಜ್ಜೆ ಜೊತೆಗೆ ನಡೆಯುವುದು ನಿಮಗೆ ಎರಡು ನಿಮಿಷದ ಕೆಲಸ, ಅವರಿಗೆ ಅರ್ಧ ದಿನದ ಅಲೆದಾಟ ತಪ್ಪುತ್ತದೆ. ಅವರ ಕಾಯಿಲೆ ನಿಮ್ಮಿಂದ ವಾಸಿಯಾಗುವುದಿಲ್ಲ, ಅವರ ಸಾಲ ತೀರುವುದಿಲ್ಲ. ಮುಂದಿನ ಒಂದು ಗಂಟೆ ಸ್ವಲ್ಪ ಹಗುರವಾಗುತ್ತದೆ. ನಾನು ನೋಡಿದ ಹಾಗೆ ಕೆಟ್ಟ ದಿನಗಳನ್ನು ಜನ ದಾಟುವುದು ಹಾಗೆ ಒಂದೊಂದೇ ಗಂಟೆಯಾಗಿ.

ಸರಿ, ಮಾತಾಡಿಸುವುದು ಹೇಗೆ? ನಾನು ನಮ್ಮಲ್ಲಿ ತರಬೇತಿಗೆ ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ: ಬೇಡ ಅನ್ನೋದು ಅವರಿಗೆ ಸುಲಭ ಆಗುವ ಹಾಗೆ ಕೇಳಿ. ಸಹಾಯ ಮಾಡುವವರು ಇದನ್ನೇ ಮರೆಯುವುದು. 'ಏನಾಯ್ತಮ್ಮ, ಯಾಕೆ ಅಳ್ತಿದೀರಾ, ಯಾವೂರು, ಯಾರಿಗೆ ಹುಷಾರಿಲ್ಲ' ಅಂತ ಶುರು ಮಾಡಿದರೆ ಅವರು ಉತ್ತರ ಕೊಡಲೇಬೇಕಾದ ಇಕ್ಕಟ್ಟಿಗೆ ಬೀಳುತ್ತಾರೆ. ಅಳುತ್ತಿರುವವರಿಗೆ ತಮ್ಮ ಕತೆ ಹೇಳುವ ಶಕ್ತಿ ಆ ಹೊತ್ತಿಗೆ ಇರುವುದಿಲ್ಲ, ಸುತ್ತ ನಾಲ್ಕು ಜನ ಕಿವಿಗೊಟ್ಟು ನಿಂತಿರುವಾಗ ಮನಸ್ಸೂ ಇರುವುದಿಲ್ಲ. ಅದರ ಬದಲು ಕಣ್ಣಿಗೆ ಕಂಡ ಒಂದು ಸಣ್ಣ ಕೊರತೆಯನ್ನೇ ಹಿಡಿದು ಕೇಳಿ. 'ಅಮ್ಮಾ, ಯಾರಿಗಾದ್ರೂ ಫೋನ್ ಮಾಡಬೇಕಿತ್ತಾ? ನನ್ನ ಫೋನ್ ಇದೆ.' ಇಷ್ಟೇ. ಹೌದು ಅಂದರೆ ಮಾಡಿಕೊಡಿ. 'ಬೇಡಪ್ಪ' ಅಂದರೆ 'ಆಯ್ತಮ್ಮ, ಇಲ್ಲೇ ಇರ್ತೀನಿ, ಬೇಕಾದ್ರೆ ಕರೀರಿ' ಅಂತ ಹೇಳಿ ದೂರ ಸರಿದು ನಿಲ್ಲಿ. ಎರಡು ನಿಮಿಷ ಬಿಟ್ಟು ಅವರೇ ಕರೆಯುವುದು ಎಷ್ಟೋ ಸಲ ಇದೆ. ಕರೆಯದಿದ್ದರೂ ಯಾರೋ ಒಬ್ಬರು ನನ್ನನ್ನು ನೋಡಿದರು ಅನ್ನೋದು ಅವರ ಜೊತೆ ಉಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಗೆ ಒಂದು ಕೈಪಿಡಿ ತಂದಿತು. ಪ್ರವಾಹ, ಭೂಕಂಪದಂಥ ಹೊತ್ತಿನಲ್ಲಿ ಸಾಮಾನ್ಯ ಜನರೂ ಬಳಸಬಹುದಾದ ಕ್ರಮ ಅದು. ಮೂರೇ ಹೆಜ್ಜೆ. ಮೊದಲು ನೋಡಿ, ಆಮೇಲೆ ಕೇಳಿಸಿಕೊಳ್ಳಿ, ಆಮೇಲೆ ಅವರಿಗೆ ಬೇಕಾದವರ ಜೊತೆ ಸೇರಿಸಿ. ಬಸ್ ಸ್ಟ್ಯಾಂಡಿಗೂ ಇದೇ ಸಾಕು. ಮೂರನೆಯದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ನೀವು ಅವರ ಕಷ್ಟವನ್ನು ಹೊತ್ತುಕೊಳ್ಳಬೇಕಾಗಿಲ್ಲ. ಅವರ ಮಗನಿಗೋ, ತಂಗಿಗೋ ಒಂದು ಕರೆ ಹೋಗುವ ಹಾಗೆ ಮಾಡಿದರೆ ನಿಮ್ಮ ಕೆಲಸ ಮುಗಿಯಿತು.

ಗಂಡಸಾಗಿ ಹೆಂಗಸರನ್ನು ಮಾತಾಡಿಸುವ ಬಗ್ಗೆ ನಿಮಗಿರುವ ಅಳುಕು ಒಳ್ಳೆಯದೇ, ಅದನ್ನು ಕಳೆದುಕೊಳ್ಳಬೇಡಿ. ಹೆಂಗಸರು ಗುರುತಿಲ್ಲದ ಗಂಡಸನ್ನು ನೋಡಿ ಹುಷಾರಾಗುವುದಕ್ಕೆ ಅವರಿಗೆ ಕಾರಣ ಇದೆ. ಅದನ್ನು ನಿಮ್ಮ ಮೇಲಿನ ಅನುಮಾನ ಅಂತ ತೆಗೆದುಕೊಳ್ಳಬಾರದು. ಎರಡು ಮಾರು ದೂರ ನಿಲ್ಲಿ. ಬೆಳಕಿರುವ, ಜನ ಓಡಾಡುವ ಕಡೆಯೇ ಮಾತಾಡಿಸಿ. ಅವರು ಎದ್ದುಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ. ಮುಟ್ಟಬೇಡಿ, ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡುವುದು ಬೇಡವೇ ಬೇಡ. ವಯಸ್ಸಾದವರಾದರೆ ಅಮ್ಮ, ನಿಮ್ಮ ವಯಸ್ಸಿನವರಾದರೆ ಅಕ್ಕ ಅಥವಾ ಮೇಡಂ ಅನ್ನಿ. ಎಲ್ಲಕ್ಕಿಂತ ಒಳ್ಳೆಯ ದಾರಿ ಇನ್ನೊಬ್ಬ ಹೆಂಗಸನ್ನು ಕರೆಯುವುದು. ಹೂ ಮಾರುವವರು, ಪಕ್ಕದಲ್ಲಿ ಕೂತ ಅಜ್ಜಿ, ಲೇಡಿ ಕಂಡಕ್ಟರ್, ಯಾರಾದರೂ ಸರಿ. 'ಅಕ್ಕಾ, ಅವರು ಬಹಳ ಹೊತ್ತಿಂದ ಅಳ್ತಿದ್ದಾರೆ, ಒಂಚೂರು ಮಾತಾಡಿಸ್ತೀರಾ?' ಅಂತ ಕೇಳಿ ನೋಡಿ, ಹೆಚ್ಚಿನವರು ತಕ್ಷಣ ಏಳುತ್ತಾರೆ. ಅವರೂ ನಿಮ್ಮ ಹಾಗೆಯೇ ಯಾರಾದರೂ ಶುರು ಮಾಡಲಿ ಅಂತ ಕಾಯುತ್ತಿದ್ದವರು. ಒಬ್ಬರು ಎದ್ದರೆ ನಾಲ್ವರು ಏಳುತ್ತಾರೆ. ಮನೆಯಲ್ಲಿ ಹೊಡೆತ ಬಡಿತ ಅಂತ ಗೊತ್ತಾದರೆ 181 ಮಹಿಳಾ ಸಹಾಯವಾಣಿ ಇದೆ, ಆ ನಂಬರ್ ಹೇಳಿ. ಆದರೆ ಗಂಡನಿಗೆ ಫೋನ್ ಮಾಡಿ ನೀವು ಪಂಚಾಯಿತಿ ಮಾಡಲು ಹೋಗಬೇಡಿ, ಅದರಿಂದ ಅವರಿಗೇ ಅಪಾಯ ಜಾಸ್ತಿ ಆಗಬಹುದು.

ಬಾಯಿಗೆ ಬರಬಾರದ ಮಾತುಗಳೂ ಇವೆ. 'ಅಳಬೇಡಿ', 'ಎಲ್ಲಾ ಒಳ್ಳೇದಾಗುತ್ತೆ' ಇವೆರಡೂ ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ. ಆದರೆ ಡಾಕ್ಟರ್ ಕೈಚೆಲ್ಲಿ ಕಳಿಸಿದವರಿಗೆ ಒಳ್ಳೇದಾಗುತ್ತೆ ಅಂದರೆ ನಿಮಗೆ ಅವರ ಕಷ್ಟ ಅರ್ಥ ಆಗಿಲ್ಲ ಅಂತಷ್ಟೇ ಅವರಿಗೆ ತಿಳಿಯುತ್ತದೆ. 'ನಮ್ಮ ದೊಡ್ಡಪ್ಪನಿಗೂ ಇದೇ ಆಗಿತ್ತು, ಉಳೀಲಿಲ್ಲ' ಅನ್ನುವ ಮಾತು ಆಸ್ಪತ್ರೆ ಬೆಂಚಿನ ಮೇಲೆ ಕೇಳಿಬರುವಷ್ಟು ಬೇರೆಲ್ಲೂ ಕೇಳಿಬರುವುದಿಲ್ಲ. ಇಂಥ ಊರಲ್ಲಿ ನಾಟಿ ಔಷಧಿ ಕೊಡುತ್ತಾರೆ, ಈ ಡಾಕ್ಟರ್ ಬಿಡಿ, ಆ ಡಾಕ್ಟರ್ ಹತ್ತಿರ ಹೋಗಿ ಅನ್ನೋದೂ ಬೇಡ. ದಾರಿ ಕಾಣದವರು ಅದನ್ನೇ ಹಿಡಿದು ನಡೆಯುತ್ತಿರುವ ಚಿಕಿತ್ಸೆ ಬಿಟ್ಟ ಉದಾಹರಣೆಗಳನ್ನು ನಾನು ಕಂಡಿದ್ದೇನೆ. ಹೇಳಲು ಏನೂ ತೋಚದಿದ್ದರೆ 'ಕಷ್ಟ ಅಲ್ವಾ ಅಮ್ಮ' ಅಂದು ಸುಮ್ನೆ ಪಕ್ಕದಲ್ಲಿ ಕೂತರೂ ಸಾಕು. ಫೋಟೋ, ವಿಡಿಯೋ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಒಳ್ಳೆಯ ಕೆಲಸ ನಾಲ್ಕು ಜನಕ್ಕೆ ತಿಳಿಯಲಿ ಅಂದರೂ ಬೇಡ. ಅವರ ಬದುಕಿನ ಅತಿ ಕೆಟ್ಟ ದಿನದ ಮುಖ ಅದು.

ನಿಮ್ಮ ಗೆಳೆಯನ ಮಾತಿಗೆ ಬರೋಣ. ಮೋಸ ಮಾಡುವವರು ಇದ್ದಾರೆ, ನಿಮಗೇ ಅನುಭವ ಆಗಿದೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಮೋಸ ಮಾಡುವವನು ತಾನೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾನೆ, ಕತೆ ಪಟಪಟ ಹೇಳುತ್ತಾನೆ, ಇಂತಿಷ್ಟು ದುಡ್ಡು ಅಂತ ಕೇಳುತ್ತಾನೆ, ಅವಸರ ಮಾಡುತ್ತಾನೆ. ಕಂಬಕ್ಕೆ ಒರಗಿ ಕೂತವರು ನಿಮ್ಮನ್ನು ಏನೂ ಕೇಳಿರಲಿಲ್ಲ. ಇದು ನೂರಕ್ಕೆ ನೂರು ಸರಿಯಾದ ಅಳತೆ ಅಂತ ಹೇಳಲಾರೆ, ಆದರೂ ಸಾಮಾನ್ಯವಾಗಿ ದಾರಿ ತೋರಿಸುತ್ತದೆ. ದುಡ್ಡು ಕೇಳಿದರೆ ದುಡ್ಡಿನ ಬದಲು ಆ ಕೆಲಸವನ್ನೇ ಮಾಡಿಕೊಡಿ. ಹಸಿವು ಅಂದರೆ ಊಟ ಕೊಡಿಸಿ. ಊರಿಗೆ ಹೋಗಬೇಕು ಅಂದರೆ ಬಸ್ ತನಕ ಹೋಗಿ ಟಿಕೆಟ್ ತೆಗೆದುಕೊಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಗುರುತಿನ ಚೀಟಿ ಮನೆಯಲ್ಲೇ ಬಿಟ್ಟು ಬಂದವರ ಪರವಾಗಿ ಕಂಡಕ್ಟರ್ ಹತ್ತಿರ ಒಂದು ಮಾತಾಡಿ, ಆಗದಿದ್ದರೆ ಟಿಕೆಟ್ ತೆಗೆಯಿರಿ. ನಗದೇ ಕೊಡಬೇಕಾಗಿ ಬಂದರೆ ಹೋದರೂ ಬೇಸರ ಇಲ್ಲ ಅನ್ನುವಷ್ಟು ಮಾತ್ರ ಕೊಡಿ.

ಫೋನ್ ವಿಷಯದಲ್ಲಿ ಹುಷಾರು ಬೇಕು. ಫೋನನ್ನು ಅವರ ಕೈಗೆ ಕೊಡಬೇಡಿ. ನಂಬರ್ ಕೇಳಿ ನೀವೇ ಒತ್ತಿ, ಸ್ಪೀಕರ್ ಹಾಕಿ ಹಿಡಿದುಕೊಳ್ಳಿ. ಸ್ಟಾರ್, ಹ್ಯಾಶ್ ಇರುವ ನಂಬರ್ ಹೇಳಿದರೆ ಒತ್ತಬೇಡಿ. ನಿಮಗೆ ಬರುವ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸುವ ಕೋಡ್‌ಗಳು ಹಾಗಿರುತ್ತವೆ, ಅದರಿಂದ ಒಟಿಪಿ ಕದಿಯುತ್ತಾರೆ. 'ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡಿ' ಅಂದರೆ ದುಡ್ಡು ನಿಮ್ಮ ಖಾತೆಗೆ ಬಂದಿದೆಯಾ ಅಂತ ನಿಮ್ಮ ಫೋನಿನಲ್ಲೇ ನೋಡಿ, ಅವರು ತೋರಿಸುವ ಸ್ಕ್ರೀನ್ ನಂಬಬೇಡಿ. ಇಷ್ಟು ಮಾಡಿದರೆ ನಿಮ್ಮ ನಷ್ಟ ಹೆಚ್ಚೆಂದರೆ ಒಂದು ಊಟದ ದುಡ್ಡು. ಹತ್ತು ಜನರಲ್ಲಿ ಒಬ್ಬ ಸುಳ್ಳು ಹೇಳಿದ ಅಂತ ಉಳಿದ ಒಂಬತ್ತು ಜನರನ್ನು ದಾಟಿಕೊಂಡು ಹೋಗುವುದು ನನಗೆ ಇಷ್ಟ ಇಲ್ಲದ ಲೆಕ್ಕ.

ತಿನ್ನಲು ಕುಡಿಯಲು ಕೊಡುವ ವಿಷಯದಲ್ಲಿ ಒಂದು ಎಚ್ಚರ. ಆಸ್ಪತ್ರೆಯಲ್ಲಿ ರೋಗಿಗೆ ಏನನ್ನೂ ಕೊಡಬೇಡಿ, ಜೊತೆಗೆ ಬಂದವರಿಗೆ ಕೊಡಿ. ಆಪರೇಷನ್ನಿಗೋ, ಸ್ಕ್ಯಾನಿಂಗಿಗೋ ಖಾಲಿ ಹೊಟ್ಟೆಯಲ್ಲಿ ಇರಿ ಅಂತ ಹೇಳಿರುತ್ತಾರೆ. ಪಕ್ಕದವರು ಪ್ರೀತಿಯಿಂದ ಕೊಟ್ಟ ಅರ್ಧ ಲೋಟ ಕಾಫಿಯಿಂದ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಮಕ್ಕಳಿಗೆ ಬಿಸ್ಕತ್ತು ಕೊಡುವ ಮೊದಲು ದೊಡ್ಡವರನ್ನು ಕೇಳಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು, ಅದು ಶ್ವಾಸಕೋಶಕ್ಕೆ ಹೋಗಬಹುದು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದು, ಚಪ್ಪಲಿ ಮೂಸಿಸುವುದು ನಮ್ಮ ಕಡೆ ಇನ್ನೂ ನಡೆಯುತ್ತಿದೆ. ಅದರಿಂದ ಏನೂ ಪ್ರಯೋಜನ ಇಲ್ಲ. ಸಾಮಾನ್ಯವಾಗಿ ಫಿಟ್ಸ್ ತಾನಾಗಿಯೇ ನಿಲ್ಲುತ್ತದೆ, ಹಾಗಾಗಿ ಬೀಗದ ಕೈಗೆ ಹೆಸರು ಬಂದಿದೆ. ಸುತ್ತ ಇರುವ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಬಟ್ಟೆ ಮಡಚಿ ಇಡಿ, ಬಾಯಿಗೆ ಏನೂ ತುರುಕಬೇಡಿ, ಅದುರಾಟ ನಿಂತ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಅಪಘಾತದ ಕೇಸಿನ ಭಯ ಹಳೆಯದು, ಒಂದು ಕಾಲಕ್ಕೆ ಅದಕ್ಕೆ ಆಧಾರವೂ ಇತ್ತು. ಈಗ ಇಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಸಹಾಯ ಮಾಡುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿತು, ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ 2018ರಲ್ಲಿ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನುವ ಸೆಕ್ಷನ್ ಸೇರಿತು. ಒಳ್ಳೆಯ ಉದ್ದೇಶದಿಂದ ಗಾಯಾಳುವಿಗೆ ನೆರವಾದವರ ಮೇಲೆ, ಆಮೇಲೆ ಏನೇ ಆದರೂ, ಕೇಸು ಹಾಕುವ ಹಾಗಿಲ್ಲ. ಹೆಸರು, ವಿಳಾಸ ಹೇಳಲೇಬೇಕು ಅಂತ ಪೊಲೀಸರು ಬಲವಂತ ಮಾಡುವ ಹಾಗಿಲ್ಲ. ಆಸ್ಪತ್ರೆಯವರು ದುಡ್ಡು ಕಟ್ಟಿ ಅಂತ ನಿಮ್ಮನ್ನು ತಡೆದು ಕೂರಿಸುವ ಹಾಗಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ನಿಮ್ಮ ಅಮ್ಮನಿಗೆ ಇದನ್ನು ಓದಿ ಹೇಳಿ, ಅವರ ಕಾಲದ ಅನುಭವದಿಂದ ಅವರು ಹೆದರುತ್ತಿದ್ದಾರೆ. ಶಿರಾಡಿ ಘಾಟಿಯಲ್ಲೋ, ಹೈವೇಯಲ್ಲೋ ಅಪಘಾತ ಕಂಡರೆ ಮೊದಲು ನಿಮ್ಮ ಗಾಡಿಯನ್ನು ಪಕ್ಕಕ್ಕೆ ಸೇರಿಸಿ ಹಿಂದಿನಿಂದ ಬರುವ ಗಾಡಿಗಳಿಗೆ ಸನ್ನೆ ಮಾಡಿ. 112 ಅಥವಾ 108ಕ್ಕೆ ಜಾಗ ಸರಿಯಾಗಿ ಹೇಳಿ. ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ, ಕುತ್ತಿಗೆ ಬೆನ್ನಿಗೆ ಪೆಟ್ಟಾಗಿದ್ದರೆ ಅದರಿಂದ ಹಾನಿ ಜಾಸ್ತಿ.

ಸಣ್ಣ ಸಹಾಯ ಸಾಲದ ಹೊತ್ತೂ ಬರುತ್ತದೆ. ಮಾತಾಡುತ್ತಾ ಯಾರಾದರೂ 'ಇನ್ನು ಬದುಕಿ ಏನು ಪ್ರಯೋಜನ', 'ಇವತ್ತಿಗೆ ಮುಗಿಸಿಬಿಡ್ತೀನಿ' ಅಂದರೆ ಅದನ್ನು ಬಾಯಿ ಮಾತು ಅಂತ ಬಿಡಬೇಡಿ. 'ಸಾಯೋ ಯೋಚನೆ ಬರ್ತಿದೆಯಾ' ಅಂತ ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನೋದು ತಪ್ಪು ತಿಳುವಳಿಕೆ, ಕೇಳಿದರೆ ಹೆಚ್ಚಿನವರಿಗೆ ಎದೆ ಹಗುರವಾಗುತ್ತದೆ. ಅವರನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ, ಮನೆಯವರಿಗೆ ತಿಳಿಸಿ. 14416 ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವಿಷ ಕುಡಿದಿದ್ದಾರೆ ಅಂತ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಬಾಟಲಿಯ ಜೊತೆ ನೇರ ಆಸ್ಪತ್ರೆಗೆ ಕಳಿಸಿ. ದಾರಿ ತಪ್ಪಿದ ಮಗುವಿಗೆ 1098, ಮನೆಯಿಂದ ಹೊರಬಿದ್ದ ವಯಸ್ಸಾದವರಿಗೆ 14567.

ಕೊನೆಗೆ ನಿಮ್ಮ ಸಂಕೋಚ. ಇದು ಖಂಡಿತ ಅಭ್ಯಾಸದಿಂದ ಬರುತ್ತದೆ, ಆದರೆ ಅಳುವವರಿಂದ ಶುರು ಮಾಡಬೇಡಿ. ಮಾತೇ ಬೇಡದ ಕಡೆ ಶುರು ಮಾಡಿ. ಬಸ್ಸಿನಲ್ಲಿ ಮಗು ಎತ್ತಿಕೊಂಡು ನಿಂತವರ ಬ್ಯಾಗನ್ನು ನಿಮ್ಮ ತೊಡೆಯ ಮೇಲೆ ಇಟ್ಟುಕೊಳ್ಳಿ. ಹಾಸನಾಂಬ ದರ್ಶನದ ಸಮಯದಲ್ಲಿ ಕ್ಯೂನಲ್ಲಿ ಗಂಟೆಗಟ್ಟಲೆ ನಿಂತು ಸೋತ ವಯಸ್ಸಾದವರಿಗೆ ನಿಮ್ಮ ನೀರಿನ ಬಾಟಲಿ ಚಾಚಿ. ಜೇಬಿನಲ್ಲಿ ಒಂದು ಪೆನ್ನು ಇಟ್ಟುಕೊಳ್ಳಿ. ನಗಬೇಡಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಜನ ಅತಿ ಹೆಚ್ಚು ಬೇಡುವುದು ಪೆನ್ನನ್ನೇ. 'ಒಂಚೂರು ಈ ಫಾರಂ ತುಂಬಿಕೊಡಿ' ಅಂತ ಕೇಳಿದರೆ ತುಂಬಿಕೊಡಿ. ಬರೆದಿದ್ದನ್ನು ಒಮ್ಮೆ ಜೋರಾಗಿ ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಅವರೇ ಹಾಕಲಿ. ಅವರ ಆಧಾರ್ ಕಾರ್ಡನ್ನು, ಪಾಸ್‌ಬುಕ್ಕನ್ನು ನೋಡಿ ಬರೆದ ತಕ್ಷಣ ಅವರ ಕೈಗೇ ವಾಪಸ್ ಕೊಡಿ.